ಉಳಿದ 356 ದಿನ

2024 ಅಧಿಕ ವರ್ಷ. ಒಟ್ಟು 366 ದಿನ. ಆ ವರ್ಷ ಮೈಸೂರು ದಸರಾ ಅಕ್ಟೋಬರ್ 3ಕ್ಕೆ ಶುರುವಾಗಿ 12ಕ್ಕೆ ಮುಗಿಯಿತು. ಹತ್ತು ದಿನ ಕಳೆದರೆ ಉಳಿಯುವುದು 356.

ಈ ಲೆಕ್ಕ ನನ್ನ ತಲೆಗೆ ಬಂದದ್ದು ಜುಲೈ ತಿಂಗಳ ಒಂದು ಮಂಗಳವಾರ ಸಂಜೆ, ಊರಿನ ಒಂದು ಸಣ್ಣ ಸಭಾಂಗಣದಲ್ಲಿ ಕೂತಿದ್ದಾಗ. ಹೊರಗೆ ಜಿಟಿಜಿಟಿ ಮಳೆ. ವೇದಿಕೆ ಮೇಲೆ ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ ಖರಹರಪ್ರಿಯ ರಾಗ ಹಾಡುತ್ತಿದ್ದಳು. ಅವಸರ ಇಲ್ಲ, ಆಡಂಬರ ಇಲ್ಲ, ತುಂಬಾ ಚೆನ್ನಾಗಿ ಬೆಳೆಸುತ್ತಿದ್ದಳು. ನಾನು ಹಿಂದಿನ ಸಾಲಿನಿಂದ ತಲೆ ಎಣಿಸಿದೆ. 22. ಅದರಲ್ಲಿ ಮೂವರು ಹುಡುಗಿಯ ಮನೆಯವರು, ಒಬ್ಬರು ಮೃದಂಗದ ಹುಡುಗನ ಅಪ್ಪ, ಇನ್ನೊಬ್ಬ ಮೈಕ್‌ಸೆಟ್‌ನವನು. ಮೃದಂಗದ ಹುಡುಗ ಒಬ್ಬನೇ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ವಾಡಿಕೆಯಂತೆ ನಾಲ್ಕು ಜನ ಕೊಡೆ ಹುಡುಕಿಕೊಂಡು ಎದ್ದರು. ಕೊನೆಗೆ ಹಾರ, ಹಣ್ಣಿನ ಬುಟ್ಟಿ, ಶಾಲು, ಒಂದು ಲಕೋಟೆ. ಲಕೋಟೆಯಲ್ಲಿ ಎಷ್ಟಿತ್ತು ಅಂತ ನಾನು ಕೇಳಲಿಲ್ಲ. ಆದರೆ ಆ ಹುಡುಗಿ ಬೆಂಗಳೂರಿನಿಂದ ಬಂದಿದ್ದ ಪಿಟೀಲಿನವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ತಾನೇ ಆಟೋ ಹಿಡಿದಳು.

ಅದಾಗಿ ಮೂರು ತಿಂಗಳಿಗೆ ಇದೇ ಊರಿನ ಹೊರಗೆ, ಉತ್ತನಹಳ್ಳಿ ಬಯಲಿನಲ್ಲಿ, ಎಣಿಸಲು ಸಾಧ್ಯವೇ ಇಲ್ಲದಷ್ಟು ಜನ ಸೇರಿದರು. ಅಕ್ಟೋಬರ್ 6ರಿಂದ 10ರವರೆಗೆ ಐದು ರಾತ್ರಿ ಯುವ ದಸರಾ. ಶ್ರೇಯಾ ಘೋಷಾಲ್, ರವಿ ಬಸ್ರೂರು, ಬಾದ್‌ಶಾ, ಎ.ಆರ್. ರೆಹಮಾನ್, ಇಳಯರಾಜ. ಮುಂದಿನ ಸಾಲಿನ ಟಿಕೆಟ್ 8,000 ರೂಪಾಯಿ, ಅದರ ಹಿಂದೆ 5,000. ಇನ್ನೂ ಹಿಂದೆ ಪುಕ್ಕಟೆ.

ಈ ಎರಡು ಸಂಜೆಗಳನ್ನು ಎದುರುಬದುರು ನಿಲ್ಲಿಸಿ ಶಾಸ್ತ್ರೀಯ ಸಂಗೀತ ಸತ್ತೇ ಹೋಯಿತು ಎಂದು ಗೋಳಾಡುವುದು ಸುಲಭ. ನನಗೆ ಅದು ಬೇಡ. ಇಳಯರಾಜರ ರಾತ್ರಿ ನಾನೂ ಹೋಗಿದ್ದೆ, ಪುಕ್ಕಟೆ ಜಾಗದಲ್ಲಿ ನಿಂತು ಗಂಟಲು ಬೀಳುವಷ್ಟು ಹಾಡಿದೆ. ನನ್ನ ಪ್ರಶ್ನೆ ಬೇರೆ. ಮೈಸೂರಿನಂಥ ಊರಿನಲ್ಲಿ ಕಲೆಗೆ ದುಡ್ಡು ಯಾವಾಗ ಬರುತ್ತದೆ, ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದೇ ಇಲ್ಲ? 2024 ಇದಕ್ಕೆ ಒಳ್ಳೆಯ ಪಾಠದ ಪುಸ್ತಕ. ಒಂದೇ ವರ್ಷದಲ್ಲಿ ಎಲ್ಲ ಬಗೆಯೂ ನಡೆದುಹೋಯಿತು.

ವರ್ಷ ಶುರುವಾದದ್ದು ಕಲ್ಲಿನಿಂದ. ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ 51 ಇಂಚಿನ ಬಾಲರಾಮನನ್ನು ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್. ಕಲ್ಲೂ ಮೈಸೂರು ಸೀಮೆಯದ್ದೇ. ಹಾರೋಹಳ್ಳಿ ಹತ್ತಿರ ಹೊಲವೊಂದರಲ್ಲಿ ಸಿಕ್ಕಿದ ಕೃಷ್ಣಶಿಲೆ. ಆ ದಿನ ಊರಲ್ಲಿ ಯಾರನ್ನು ಕೇಳಿದರೂ ಅವರು ನಮ್ಮ ನೆಂಟರು, ನಮ್ಮ ಕ್ಲಾಸ್‌ಮೇಟು, ನಮ್ಮ ಬೀದಿಯವರು. ಅಯೋಧ್ಯೆಗಾಗಿ ಮೂರ್ತಿ ಕೆತ್ತಿದ್ದು ಮೂವರು. ಅದರಲ್ಲಿ ಇನ್ನೊಬ್ಬರಾದ ಗಣೇಶ ಭಟ್ಟರೂ ಕನ್ನಡನಾಡಿನವರೇ. ಅವರ ಹೆಸರು ಮಾತ್ರ ಬೀದಿಯಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಅರುಣ್ ಎಂಬಿಎ ಓದಿದವರು. ಸ್ವಲ್ಪ ದಿನ ಕಂಪನಿ ಕೆಲಸವನ್ನೂ ಮಾಡಿ, ಬಿಟ್ಟು, ಮನೆಯ ಉಳಿ ಸುತ್ತಿಗೆಗೆ ವಾಪಸ್ ಬಂದರು. ಐದು ತಲೆಮಾರಿನ ಶಿಲ್ಪಿಗಳ ಮನೆ. ಅಜ್ಜ ಬಸವಣ್ಣ ಶಿಲ್ಪಿ ಹೆಸರುವಾಸಿ, ಅಪ್ಪ ಯೋಗಿರಾಜರೂ ಶಿಲ್ಪಿ. ಕೇದಾರನಾಥದ 12 ಅಡಿಯ ಶಂಕರಾಚಾರ್ಯ, ದೆಹಲಿಯ ಇಂಡಿಯಾ ಗೇಟ್ ಬಳಿಯ 28 ಅಡಿಯ ಸುಭಾಷ್‌ಚಂದ್ರ ಬೋಸ್, ಆಮೇಲೆ ಅಯೋಧ್ಯೆ. ಜನ ನೋಡಿದ್ದು ಕೊನೆಯ ಮೂರು ಮೆಟ್ಟಿಲು. ಅದಕ್ಕೆ ಹಿಂದೆ ಐದು ತಲೆಮಾರು ಒಂದು ಕೊಟ್ಟಿಗೆಯಲ್ಲಿ ಕೂತು ಕೆತ್ತಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಆಮೇಲೆ ಏನಾಯಿತು? ನನಗೆ ಪರಿಚಯದ ಒಬ್ಬ ಶಿಲ್ಪಿ ಹೇಳಿದ್ದು: "ಫೋನ್ ಜಾಸ್ತಿ ಆಯ್ತು ಸಾರ್. ಎಲ್ಲರಿಗೂ ಅದೇ ಮುಖ ಬೇಕು. ಮೊಬೈಲ್‌ನಲ್ಲಿ ಫೋಟೊ ತೋರಿಸಿ, ಇದೇ ಥರ ಎರಡು ಅಡಿದು ಮಾಡ್ಕೊಡಿ ಅಂತಾರೆ." ಕೆಲಸ ಬಂತು, ಸರಿ. ಆದರೆ ಶಿಲ್ಪಿ ತನ್ನ ಕಲ್ಪನೆಯಿಂದ ಮಾಡುವ ಕೆಲಸ ಬರಲಿಲ್ಲ. ಕಲಿಯುವ ಹುಡುಗರು ಬಂದರಾ ಎಂದರೆ ನಕ್ಕರು. ಹುಡುಗರು ಬಂದು ರೀಲ್ಸ್ ಮಾಡಿಕೊಂಡು ಹೋದರಂತೆ.

ಇನ್ನೊಂದು ಸಣ್ಣ ಸಂಗತಿಯೂ ಇದೇ ವರ್ಷದ್ದು. ಆಗಸ್ಟ್ ಕೊನೆಗೆ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ಸಮ್ಮೇಳನ, ವರ್ಜೀನಿಯಾದಲ್ಲಿ. ಅಲ್ಲಿನ ಕನ್ನಡಿಗರು ಅರುಣ್ ಅವರನ್ನು ಕರೆದಿದ್ದರು. ವೀಸಾ ಸಿಗಲಿಲ್ಲ. ಇಡೀ ದೇಶಕ್ಕೆ ಗೊತ್ತಿರುವ ಕಲಾವಿದನೂ ವೀಸಾ ಕಚೇರಿಯ ಕಿಟಕಿಯ ಮುಂದೆ ಒಬ್ಬ ಅರ್ಜಿದಾರ ಅಷ್ಟೇ.

ಮಾರ್ಚ್‌ನಲ್ಲಿ ಮೈಸೂರಿನ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣದ ಬಹುರೂಪಿ ನಾಟಕೋತ್ಸವ ನಡೆಯಿತು, ಚೆನ್ನಾಗಿಯೇ ನಡೆಯಿತು. ಆದರೆ ನಿರ್ದೇಶಕರ ಕುರ್ಚಿ ಖಾಲಿ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾದಾಗ ಖಾಲಿಯಾದ ಜಾಗಕ್ಕೆ 2024ರ ಆಗಸ್ಟ್‌ನಲ್ಲಿ ಸತೀಶ್ ತಿಪಟೂರು ಬಂದರು. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ. ಒಂದು ದಸರಾ ಸಮಿತಿಗೆ ಒಂದು ವಾರ ಅಧ್ಯಕ್ಷರಿಲ್ಲದಿದ್ದರೆ ಊರೆಲ್ಲ ಗದ್ದಲ ಆಗುತ್ತಿತ್ತು.

ರಂಗಾಯಣದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 1989ರಲ್ಲಿ ಬಿ.ವಿ. ಕಾರಂತರು ಇದನ್ನು ಕಟ್ಟಿದಾಗ ಇದರ ಮೂಲ ಯೋಚನೆಯೇ ನಟರಿಗೆ ತಿಂಗಳ ಸಂಬಳ. ಬೆಳಗ್ಗೆ ಬನ್ನಿ, ದೇಹ ಪಳಗಿಸಿ, ದನಿ ಪಳಗಿಸಿ, ನಾಟಕ ಮಾಡಿ, ತಿಂಗಳ ಕೊನೆಗೆ ಸಂಬಳ ತಗೊಳ್ಳಿ. ಕರ್ನಾಟಕದಲ್ಲಿ ಸರ್ಕಾರ ಕಲಾವಿದನ ಪ್ರದರ್ಶನಕ್ಕಲ್ಲದೆ ಅವನ ದಿನಗಳಿಗೂ ದುಡ್ಡು ಕೊಟ್ಟ ಅಪರೂಪದ ಪ್ರಯೋಗ ಇದು. ಆ ಮೊದಲ ತಂಡದವರು ನಿವೃತ್ತಿಯ ವಯಸ್ಸಿಗೆ ಬಂದರು. ಅವರ ಜಾಗಕ್ಕೆ ಅದೇ ಭದ್ರತೆ ಸಿಕ್ಕ ಹೊಸಬರು ಬರಲಿಲ್ಲ.

ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂತು. ಸರ್ಕಾರಿ ವೇದಿಕೆಗಳಿಗೆ ಜೂನ್ ಮೊದಲ ವಾರದವರೆಗೆ ಬೀಗ ಬಿದ್ದ ಹಾಗೆಯೇ. ಅದಕ್ಕೂ ಹಿಂದಿನ ವರ್ಷ ಬರಗಾಲ, 2023ರ ದಸರಾವನ್ನೇ ಸರಳವಾಗಿ ಮಾಡಿದ್ದರು. ಹೀಗೆ ಒಬ್ಬ ಜನಪದ ಗಾಯಕನ ಅಥವಾ ತಮಟೆ ತಂಡದ ಲೆಕ್ಕದಲ್ಲಿ ನೋಡಿದರೆ ಒಂದೂವರೆ ವರ್ಷ ಬಹಳ ತೆಳ್ಳಗೆ ಹೋಯಿತು. ಏಪ್ರಿಲ್ 17ರ ರಾಮನವಮಿ ಮಾತ್ರ ಸರ್ಕಾರವನ್ನು ಕಾಯಲಿಲ್ಲ. ಪಾನಕ, ಕೋಸಂಬರಿ, ಫ್ಯಾನು, ಹಾಡು. ದಾನಿಗಳ ದುಡ್ಡು, ಬಡಾವಣೆಯವರ ಓಡಾಟ.

ಜೂನ್ 11ಕ್ಕೆ ಸರೋದ್ ವಾದಕ ರಾಜೀವ ತಾರಾನಾಥರು ಹೋದರು. 91 ವರ್ಷ.

ಅವರ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾನು ಹೇಳಬೇಕೆಂದಿರುವುದೆಲ್ಲ ಒಂದು ರೀತಿಯಲ್ಲಿ ಅವರ ಬದುಕಿನಲ್ಲೇ ಇದೆ. 1932ರಲ್ಲಿ ಹುಟ್ಟಿದ್ದು. ರಾಯಚೂರಿನ ಪಂಡಿತ ತಾರಾನಾಥರ ಮಗ. ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ., ಇಂಗ್ಲಿಷ್ ಮೇಷ್ಟ್ರು, ಕನ್ನಡದ ನವ್ಯ ವಿಮರ್ಶೆಯಲ್ಲಿ ದೊಡ್ಡ ಹೆಸರು. ಅಷ್ಟೆಲ್ಲ ಇದ್ದೂ ಸರೋದಿಗಾಗಿ, ಅಲಿ ಅಕ್ಬರ್ ಖಾನರ ಶಿಷ್ಯತ್ವಕ್ಕಾಗಿ, ಕೈಯಲ್ಲಿದ್ದ ಕೆಲಸ ಬಿಟ್ಟವರು. 1970ರ ಸಂಸ್ಕಾರ ಸಿನಿಮಾಗೆ ಸಂಗೀತ ಕೊಟ್ಟರು. ಕ್ಯಾಲಿಫೋರ್ನಿಯಾದ ಕಲಾ ಸಂಸ್ಥೆಯಲ್ಲಿ 1995ರಿಂದ 2005ರವರೆಗೆ ಕಲಿಸಿದರು. ಆಮೇಲೆ ಮೈಸೂರಿಗೆ ಬಂದು ನೆಲೆಸಿದರು. 2019ರಲ್ಲಿ ಪದ್ಮಶ್ರೀ ಬಂತು.

ಮೈಸೂರಿಗೆ ಅವರು ಏನಾಗಿದ್ದರು? ಒಂದು ಸಂಸ್ಥೆ ಕಟ್ಟಲಿಲ್ಲ, ಉತ್ಸವ ಕಟ್ಟಲಿಲ್ಲ. ಮನೆಯಲ್ಲಿ ಕೂತು ಕಲಿಸಿದರು. ಶಿಷ್ಯರು ಬರುತ್ತಿದ್ದರು, ಹರಟುವವರೂ ಬರುತ್ತಿದ್ದರು. ಮಾತು ಷೇಕ್ಸ್‌ಪಿಯರ್‌ನಿಂದ ದರಬಾರಿ ರಾಗಕ್ಕೂ ಅಲ್ಲಿಂದ ಊಟಕ್ಕೂ ಹೋಗುತ್ತಿತ್ತು ಎಂದು ಹೋಗಿ ಬಂದವರು ಹೇಳುತ್ತಾರೆ. ಕರ್ನಾಟಕ ಸಂಗೀತದ ಊರು ಎನಿಸಿಕೊಂಡ ಮೈಸೂರಿನ ಒಂದು ಮನೆಯಲ್ಲಿ ಹಿಂದೂಸ್ತಾನಿ ಸಂಗೀತದ ಮೈಹರ್ ಘರಾಣೆಯ ಸರೋದ್ ಕಲಿಯಬಹುದಿತ್ತು. ಯಾವ ಬಜೆಟ್ಟಿನಲ್ಲೂ ಆ ಮನೆಗೆ ಒಂದು ಸಾಲು ಇರಲಿಲ್ಲ.

ಸಾಯುವ ಹಿಂದಿನ ವರ್ಷ, 2023ರ ದಸರಾ ಹೊತ್ತಿಗೆ, ಅವರ ಹೆಸರು ಬೇರೆಯೇ ಕಾರಣಕ್ಕೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ದಸರಾದಲ್ಲಿ ಕಾರ್ಯಕ್ರಮ ಕೊಡಲು ತಮ್ಮಿಂದ ಕಮಿಷನ್ ಕೇಳಿದರು ಎಂದು ಅವರು ದೂರಿದರು. ಗದ್ದಲವಾಯಿತು, ತನಿಖೆಯ ಮಾತಾಯಿತು. ಒಳಗೆ ನಡೆದದ್ದೇನು ಎಂಬುದು ತನಿಖೆಗೆ ಬಿಟ್ಟದ್ದು. ನನಗೆ ಕಾಡಿದ್ದು ಇಷ್ಟು: 90 ದಾಟಿದ ಒಬ್ಬ ವಿದ್ವಾಂಸ ತನ್ನದೇ ಊರಿನಲ್ಲಿ ವೇದಿಕೆಗಾಗಿ ಇಂಥ ಮಾತುಕತೆ ಮಾಡಬೇಕಾಗಿ ಬಂದದ್ದೇ ಯಾಕೆ? ಉತ್ತರ ನಮ್ಮ ವ್ಯವಸ್ಥೆಯಲ್ಲೇ ಇದೆ. ದುಡ್ಡೆಲ್ಲ ಹತ್ತು ದಿನಕ್ಕೆ ಬಂದು ಬೀಳುತ್ತದೆ. ವೇದಿಕೆ ಕೆಲವೇ, ಅರ್ಜಿ ನೂರಾರು. ನಡುವೆ ಯಾರು ನಿಂತಿದ್ದಾರೋ ಅವರ ಕೈ ಮೇಲು. ಅದೇ ದುಡ್ಡನ್ನು ವರ್ಷಕ್ಕೆ ಹಂಚಿದರೆ ನಡುವಿನವನಿಗೆ ಅಷ್ಟು ಬೆಲೆಯೇ ಇರುವುದಿಲ್ಲ, ಅಲ್ವಾ?

ಇಲ್ಲಿ ಸ್ವಲ್ಪ ಹಳೆಯ ಕಥೆ ಬೇಕು. ಅರಮನೆಯ ಕಾಲದಲ್ಲಿ ಆಸ್ಥಾನ ವಿದ್ವಾಂಸರಿಗೆ ತಿಂಗಳ ಸಂಬಳ ಇತ್ತು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು, ಬಿಡಾರಂ ಕೃಷ್ಣಪ್ಪ. ದಸರಾದಲ್ಲಿ ಹಾಡಿದರೆ ಶಾಲು, ಖಿಲ್ಲತ್ತು ಎಂಬ ಗೌರವದ ಉಡುಗೊರೆ ಬೇರೆ. ಆದರೆ ಹಾಡದ ತಿಂಗಳಲ್ಲೂ ಮನೆಗೆ ಅಕ್ಕಿ ಬರುತ್ತಿತ್ತು. ಅದರಿಂದ ಶಿಷ್ಯರನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಲು ಆಗುತ್ತಿತ್ತು. ಪಿಟೀಲು ಚೌಡಯ್ಯನವರು ಹಾಗೆ ಬಿಡಾರಂ ಕೃಷ್ಣಪ್ಪನವರ ಗರಡಿಯಲ್ಲಿ ತಯಾರಾದವರು. ರಾಜಾಡಳಿತ ಮುಗಿದ ಮೇಲೆ ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು.

ಹಾಗಂತ ಆ ಕಾಲವನ್ನು ಸುಮ್ನೆ ಹೊಗಳುವವನು ನಾನಲ್ಲ. ಆ ಸಂಬಳದ ಪಟ್ಟಿಯಲ್ಲಿ ಯಾವ ಜಾತಿಯವರು ಇರುತ್ತಿದ್ದರು, ಹೆಂಗಸರು ಎಷ್ಟು ಜನ ಇರುತ್ತಿದ್ದರು, ಊರಾಚೆಯ ತಮಟೆಯವರಿಗೆ ಏನು ಸಿಗುತ್ತಿತ್ತು ಎಂದು ಕೇಳಿದರೆ ಕಥೆ ಅಷ್ಟು ಸುಂದರವಾಗಿ ಉಳಿಯುವುದಿಲ್ಲ. 1971ರಲ್ಲಿ ರಾಜಮನೆತನಗಳಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾಯಿತು. ಆಮೇಲೆ ದಸರಾ ಸರ್ಕಾರದ ನಾಡಹಬ್ಬವಾಯಿತು. ಅಂಬಾರಿಯಲ್ಲಿ ಮಹಾರಾಜರ ಜಾಗಕ್ಕೆ ಚಾಮುಂಡೇಶ್ವರಿ ಬಂದಳು. ವೇದಿಕೆ ಎಲ್ಲರಿಗೂ ತೆರೆಯಿತು. ಇದು ದೊಡ್ಡ ಲಾಭ. ಡೊಳ್ಳು, ಕಂಸಾಳೆ, ಪೂಜಾ ಕುಣಿತ ಜಂಬೂಸವಾರಿಯ ರಾಜಬೀದಿಗೆ ಬಂದದ್ದು ಸಣ್ಣ ಮಾತಲ್ಲ. ಆದರೆ ಈ ಬದಲಾವಣೆಯಲ್ಲಿ ಒಂದು ವಿಷಯ ಸದ್ದಿಲ್ಲದೆ ಕಳೆದುಹೋಯಿತು. ತಿಂಗಳ ಸಂಬಳ ಹೋಗಿ ದಿನದ ಸಂಭಾವನೆ ಬಂತು. ವಯಸ್ಸಾಗಿ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಇದೆ. ಇರಲಿ, ಒಳ್ಳೆಯದೇ. ಆದರೆ ಇಪ್ಪತ್ತೈದನೇ ವಯಸ್ಸಿನಿಂದ ಮುಪ್ಪಿನವರೆಗೆ, ಅಂದರೆ ಕಲಾವಿದ ನಿಜವಾಗಿ ಬೆಳೆಯುವ ವಯಸ್ಸಿನಲ್ಲಿ, ಅವನ ಕಡೆ ನೋಡುವವರಿಲ್ಲ.

ಆ ಕೆಲಸವನ್ನು ಸಂಗೀತ ಸಭಾಗಳು ಮಾಡುತ್ತಿವೆ ಎನ್ನಬಹುದು. ಗಾನಭಾರತೀ ಇದೆ, ನಾದಬ್ರಹ್ಮ ಸಂಗೀತ ಸಭಾ ಇದೆ, ಬಡಾವಣೆಗೊಂದು ರಾಮೋತ್ಸವ ಸಮಿತಿ ಇದೆ. ಒಂದು ಸಣ್ಣ ಸಭಾ ಹೇಗೆ ನಡೆಯುತ್ತದೆ ನೋಡಿ. ಸದಸ್ಯರ ಚಂದಾ ಸಿಗುವುದು ಪುಡಿಗಾಸು. ನಿಜವಾದ ಬಲ ದತ್ತಿ. ಯಾರೋ ಅಪ್ಪ ಅಮ್ಮನ ನೆನಪಿಗೆ ಒಂದು ಲಕ್ಷ ರೂಪಾಯಿ ಇಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಅವರ ಹೆಸರಲ್ಲಿ ಒಂದು ಕಛೇರಿ. 2014ರ ಸುಮಾರಿಗೆ ಬ್ಯಾಂಕ್ ಠೇವಣಿಗೆ ಶೇ. 9ರ ಹತ್ತಿರ ಬಡ್ಡಿ ಸಿಗುತ್ತಿತ್ತು, ವರ್ಷಕ್ಕೆ 9,000. 2024ರಲ್ಲಿ ಶೇ. 7ರ ಆಸುಪಾಸು, 7,000. ಅಷ್ಟರಲ್ಲಿ ಗಾಯಕರು, ಪಿಟೀಲು, ಮೃದಂಗ ಮೂರು ಲಕೋಟೆ ಆಗಬೇಕು. ಮೈಕ್‌ಸೆಟ್, ಹಾಲ್‌ನ ಕರೆಂಟು, ಕಾಫಿ ಆಗಬೇಕು. ಈ ಹತ್ತು ವರ್ಷದಲ್ಲಿ ಎಲ್ಲದರ ರೇಟೂ ಏರಿದೆ, ಬಡ್ಡಿ ಒಂದೇ ಇಳಿದದ್ದು. ಹಾಗಾಗಿ ಕಾರ್ಯದರ್ಶಿ ಎರಡು ದತ್ತಿ ಸೇರಿಸಿ ಒಂದು ಕಛೇರಿ ಮಾಡುತ್ತಾರೆ. ಹೊರಗಿನಿಂದ ನೋಡುವವರಿಗೆ "ಸಭಾದಲ್ಲಿ ಈಗ ಕಾರ್ಯಕ್ರಮ ಕಮ್ಮಿ" ಅನ್ನಿಸುತ್ತದೆ. ಕಾರಣ ಕೇಳುಗರ ಅಭಿರುಚಿಯಲ್ಲಿ ಹುಡುಕುತ್ತೇವೆ. ಪಾಸ್‌ಬುಕ್ಕಿನಲ್ಲಿ ಹುಡುಕುವುದಿಲ್ಲ.

ಕೇಳುಗರಿಲ್ಲ ಎನ್ನುವ ಮಾತಿಗೆ ಪ್ರತಿ ವರ್ಷ ಉತ್ತರ ಕೊಡುವ ಜಾಗ ಒಂದಿದೆ. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸ್. ಗಣೇಶನ ಹಬ್ಬಕ್ಕೆ ಅಲ್ಲಿ ರಸ್ತೆಗೇ ಚಪ್ಪರ ಹಾಕಿ ಕಛೇರಿ ನಡೆಸುವ ಪದ್ಧತಿಗೆ ಅರವತ್ತು ವರ್ಷ ದಾಟಿದೆ. ದಕ್ಷಿಣದ ದೊಡ್ಡ ದೊಡ್ಡವರೆಲ್ಲ ಅಲ್ಲಿ ಕೂತು ಹಾಡಿದ್ದಾರೆ. ಟಿಕೆಟ್ ಇಲ್ಲ. 2024ರಲ್ಲಿ ಹಬ್ಬ ಸೆಪ್ಟೆಂಬರ್ 7ಕ್ಕೆ. ಅದಾದ ಒಂದು ಸಂಜೆ ನಾನು ಹೋದಾಗ ಕುರ್ಚಿ ತುಂಬಿ, ಜನ ಎದುರು ಮನೆಗಳ ಕಾಂಪೌಂಡಿನ ಮೇಲೆ ಕೂತಿದ್ದರು. ಸ್ಕೂಟರ್ ಸ್ಟ್ಯಾಂಡ್ ಹಾಕಿ ಅದರ ಮೇಲೇ ಕೂತು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದವರೊಬ್ಬರು. ಮೊದಲ ಮಹಡಿಯ ಬಾಲ್ಕನಿಯಲ್ಲಿ ಅಜ್ಜಿಯೊಬ್ಬರು ಹುರುಳಿಕಾಯಿ ಮುರಿಯುತ್ತಾ ಕೇಳುತ್ತಿದ್ದರು. ತೋಡಿ ಆಲಾಪನೆ ಮೇಲಿನ ಷಡ್ಜ ಮುಟ್ಟಿದಾಗ ಅವರ ಕೈ ನಿಂತಿತು. ಇಳಿದು ಬಂದ ಮೇಲೆ ಮತ್ತೆ ಹುರುಳಿಕಾಯಿ.

ಜುಲೈನ 22 ಜನ, ಸೆಪ್ಟೆಂಬರ್‌ನ ಈ ಬೀದಿ. ಊರು ಒಂದೇ, ರಾಗಗಳೂ ಹೆಚ್ಚು ಕಮ್ಮಿ ಅವೇ. ಎಂಟನೇ ಕ್ರಾಸ್‌ನಲ್ಲಿ ದೊಡ್ಡ ಹೆಸರುಗಳು ಹಾಡುತ್ತವೆ, ಅದು ನಿಜ. ಆದರೆ ಇನ್ನೊಂದು ಕಾರಣವೂ ಇದೆ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಸಂಗೀತ ಜನರಿರುವ ಜಾಗಕ್ಕೇ ಬರುತ್ತದೆ. ತರಕಾರಿ ತರಲು ಹೊರಟವರೂ ನಿಲ್ಲುತ್ತಾರೆ. ಚಪ್ಪಲಿ ಬಿಡಬೇಕಾ, ನಡುವೆ ಎದ್ದು ಹೋದರೆ ತಪ್ಪಾ ಎಂಬ ಅಳುಕಿಲ್ಲ. ನಮ್ಮ ಸಭಾಂಗಣಗಳಿಗೆ ಇಪ್ಪತ್ತರ ಹುಡುಗರು ಬರದಿರಲು ಈ ಅಳುಕೂ ಒಂದು ಕಾರಣ. ಸಂಗೀತ ಗೊತ್ತಿಲ್ಲದವರನ್ನು ಮುಂದಿನ ಸಾಲಿನ ರಸಿಕರು ತಿರುಗಿ ನೋಡುವ ನೋಟ ಇದೆಯಲ್ಲ, ಅದನ್ನು ಒಂದು ಸಲ ಪಡೆದವರು ಎರಡನೇ ಸಲ ಬರುವುದಿಲ್ಲ. ನಾನೂ ಆ ನೋಟ ಬೀರಿದ್ದೇನೆ. ಒಪ್ಪಿಕೊಳ್ಳುತ್ತೇನೆ.

ಇನ್ನು ಅಕ್ಟೋಬರ್. 2023ರ ಸರಳ ದಸರಾ ಆದ ಮೇಲೆ 2024ರದ್ದು ಅದ್ಧೂರಿ. ಸಾಹಿತಿ ಹಂಪ ನಾಗರಾಜಯ್ಯನವರು ಉದ್ಘಾಟಿಸಿದರು. ಆಕಾಶದಲ್ಲಿ ಡ್ರೋನ್‌ಗಳ ಚಿತ್ತಾರ ಹೊಸ ಆಕರ್ಷಣೆ. ಯುವ ದಸರಾ ಮಹಾರಾಜ ಕಾಲೇಜು ಮೈದಾನ ಬಿಟ್ಟು ಉತ್ತನಹಳ್ಳಿಗೆ ಹೋಯಿತು. ಕಾರಣ ಕೇಳಿದರೆ ನ್ಯಾಯವಾದದ್ದೇ: ಊರ ನಡುವೆ ಅಷ್ಟು ಜನ ಸೇರಿದರೆ ಟ್ರಾಫಿಕ್ ಕಟ್ಟಿಹೋಗುತ್ತದೆ. ಆದರೆ ಜಾಗ ಬದಲಾದ ಹಾಗೆ ಕಾರ್ಯಕ್ರಮದ ಸ್ವಭಾವವೂ ಬದಲಾಗುತ್ತದೆ. ಕಾಲೇಜು ಮೈದಾನಕ್ಕೆ ನಡೆದು ಹೋಗಬಹುದಿತ್ತು. ಉತ್ತನಹಳ್ಳಿಗೆ ಗಾಡಿ ಬೇಕು, ಪಾರ್ಕಿಂಗ್ ಬೇಕು, ಅರ್ಧರಾತ್ರಿ ವಾಪಸ್ ಬರುವ ಧೈರ್ಯ ಬೇಕು. ಹಾಸ್ಟೆಲ್ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ. ಇಳಯರಾಜರ ರಾತ್ರಿ ನಾನು ಮನೆ ಮುಟ್ಟಿದಾಗ ಹಾಲಿನವನು ಎದುರಾಗಲು ಹೆಚ್ಚು ಹೊತ್ತು ಉಳಿದಿರಲಿಲ್ಲ.

ಹೋಲಿಕೆಗೆ ಯುವ ಸಂಭ್ರಮ ನೋಡಿ. ದಸರಾಗೆ ಸ್ವಲ್ಪ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುತ್ತದೆ. ಅಲ್ಲಿ ವೇದಿಕೆ ಮೇಲಿರುವುದು ಕಾಲೇಜು ಹುಡುಗ ಹುಡುಗಿಯರೇ. ಗುಂಡ್ಲುಪೇಟೆಯ ಪಿಯು ಮಕ್ಕಳು ಬಾಡಿಗೆ ಡ್ರೆಸ್ಸಿನಲ್ಲಿ ಏಳು ನಿಮಿಷ ಕುಣಿದು, ಉಸಿರು ಬಿಡುತ್ತಾ ಇಳಿದು, ಮುಂದಿನ ತಂಡಕ್ಕೆ ಕೂಗುತ್ತಾರೆ. ಹಾಡು ರೆಕಾರ್ಡಿನದ್ದು, ಹೆಜ್ಜೆ ಯೂಟ್ಯೂಬ್‌ನದ್ದು ಇರಬಹುದು. ಆದರೂ ಮಾಡುವವರು ಅವರು. ಯುವ ದಸರಾದಲ್ಲಿ ಅದೇ ಮಕ್ಕಳು ನೋಡುವವರು. ಹೆಸರು ಎರಡಕ್ಕೂ ಯುವ. ದುಡ್ಡಿನ ತೂಕ ಯಾವ ಕಡೆಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹೆಸರಾಂತ ಗಾಯಕರನ್ನು ಕರೆಸಬಾರದು ಎನ್ನುವುದು ನನ್ನ ವಾದವಲ್ಲ. ಹೋಟೆಲು ತುಂಬುತ್ತದೆ, ಆಟೋದವರಿಗೆ ಬಾಡಿಗೆ ಸಿಗುತ್ತದೆ, ದುಬಾರಿ ಟಿಕೆಟ್ಟಿನಿಂದ ಖರ್ಚಿನ ಒಂದು ಪಾಲು ವಾಪಸ್ ಬರುತ್ತದೆ. ಸರಿ. ಆದರೆ ಬಂದ ಆ ಪಾಲಿನಲ್ಲಿ ಒಂದಿಷ್ಟು ಉಳಿದ 356 ದಿನಕ್ಕೆ ಹೋಗುವ ದಾರಿ ಇಲ್ಲ. ಸರ್ಕಾರಿ ದುಡ್ಡಿನ ಗುಣವೇ ಹಾಗೆ. ಕಾರ್ಯಕ್ರಮಕ್ಕೆ ಬಿಲ್ ಆಗುತ್ತದೆ, ಫೋಟೊ ಇರುತ್ತದೆ, ಎಷ್ಟು ಜನ ಬಂದರು ಎಂದು ಬರೆಯಬಹುದು. ಒಂದು ಮನೆಯಲ್ಲಿ ಒಬ್ಬ ಗುರು ಒಬ್ಬ ಹುಡುಗನಿಗೆ ಎಂಟು ವರ್ಷ ಲಯ ಹೇಳಿಕೊಟ್ಟದ್ದಕ್ಕೆ ಯಾವ ಬಿಲ್ ಹಾಕುತ್ತೀರಿ? ರಾಜ್ಯದ ಸಂಗೀತ ವಿಶ್ವವಿದ್ಯಾಲಯ, ಗಂಗೂಬಾಯಿ ಹಾನಗಲ್ ಅವರ ಹೆಸರಿನದ್ದು, ಇರುವುದು ಮೈಸೂರಿನಲ್ಲೇ. ಅಲ್ಲಿಂದಲೋ ಬೇರೆ ಕಾಲೇಜಿನಿಂದಲೋ ಪದವಿ ಪಡೆದು ಹೊರಬಂದವರ ಮುಂದೆ ಇರುವ ದಾರಿ ಬಹುಪಾಲು ಎರಡೇ. ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಕಾಯುವುದು, ಇಲ್ಲ ಮನೆಪಾಠ.

ಮನೆಪಾಠ ಈಗ ಅಮೆರಿಕಕ್ಕೆ. ನಮ್ಮ ಬೀದಿಯ ಸಂಗೀತದ ಮೇಡಂ ಬೆಳಗ್ಗೆ ಆರಕ್ಕೆ ಕೂರುತ್ತಾರೆ. ಬೇಸಿಗೆಯಲ್ಲಿ ಆಗ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಎಂಟೂವರೆ, ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಐದೂವರೆ. ಎರಡು ದಪ್ಪ ನಿಘಂಟಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಮೊಬೈಲಿನ ಶ್ರುತಿ. ಹಿಂದಿನ ಗೋಡೆಗೆ ತ್ಯಾಗರಾಜರ ಫೋಟೊ, ಕ್ಯಾಮೆರಾಗೆ ಕಾಣುವ ಹಾಗೆ. ತೊಂದರೆ ಒಂದೇ: ದನಿ ಅಲ್ಲಿ ಮುಟ್ಟಲು ಒಂದು ಕ್ಷಣ ತಡ. ಹಾಗಾಗಿ ಗುರು ಶಿಷ್ಯೆ ಒಟ್ಟಿಗೆ ಹಾಡಲಾಗುವುದಿಲ್ಲ, ಒಟ್ಟಿಗೆ ತಾಳ ಹಾಕಲಾಗುವುದಿಲ್ಲ. ಇವರು ಒಂದು ಸಾಲು ಹಾಡುತ್ತಾರೆ, ಮಗು ಮ್ಯೂಟ್‌ನಲ್ಲಿ ಕೇಳುತ್ತದೆ. ಮಗು ಹಾಡುತ್ತದೆ, ಇವರು ಕೈ ಕಟ್ಟಿ ಕೇಳುತ್ತಾರೆ. ಜೊತೆಗೆ ಹಾಡುತ್ತಾ ಹಾಡುತ್ತಾ ಗಮಕ ಮೈಗೆ ಹತ್ತುವ ಆ ಹಳೆಯ ರೀತಿ ಇದರಲ್ಲಿ ಇಲ್ಲ.

"ಆದರೂ ಆ ಮಕ್ಕಳೇ ವಾಸಿ ಕಣ್ರೀ" ಅಂದರು ಮೇಡಂ. "ಇಲ್ಲಿಯವು ಜೂನಿಯರ್ ಪರೀಕ್ಷೆ ಮುಗಿಸ್ತವೆ, ಎಸ್ಸೆಸ್ಸೆಲ್ಸಿ ಬಂತು ಅಂತ ಬಿಡಿಸ್ತಾರೆ. ಅಲ್ಲಿಯವರು ರಂಗಪ್ರವೇಶ ಆಗೋವರೆಗೂ ಬಿಡಲ್ಲ." ಅವರ ಮನೆಯ ಇಎಂಐ ಕಟ್ಟುತ್ತಿರುವುದು ಡಾಲರು. ಒಂದು ಲೆಕ್ಕದಲ್ಲಿ ಹಳೆಯ ಅರಮನೆಯ ತಿಂಗಳ ಸಂಬಳ ವಾಪಸ್ ಬಂದಿದೆ, ಕಡಲಾಚೆಯ ಕನ್ನಡ ಮನೆಗಳಿಂದ. ಇದರಲ್ಲಿ ನನಗೆ ದೂರೇನೂ ಇಲ್ಲ. ಆದರೆ ಮೇಡಂ ಬೆಳಗ್ಗೆ ಮೂರು ಗಂಟೆ, ರಾತ್ರಿ ಎರಡು ಗಂಟೆ ಪರದೆಯ ಮುಂದೆ ಕೂತ ಮೇಲೆ ಜುಲೈ ಮಂಗಳವಾರದ ಕಛೇರಿಗೆ ಬರುವ ಶಕ್ತಿ ಅವರಿಗೆ ಉಳಿಯುವುದಿಲ್ಲ. ಆ 22 ಜನರಲ್ಲಿ ಅವರು ಇರಲಿಲ್ಲ.

ಚಿತ್ರಕಲೆಯ ಬಗ್ಗೆ ಹೇಳಬೇಕಾದ್ದು ಕಮ್ಮಿ, ಯಾಕೆಂದರೆ ಆ ವರ್ಷ ನಾನು ನೋಡಿದ್ದೇ ಕಮ್ಮಿ. ಜಗನ್ಮೋಹನ ಅರಮನೆಗೆ ಬಂದವರೆಲ್ಲ ಹಲ್ದಣಕರರ ದೀಪದ ಹುಡುಗಿಯ ಚಿತ್ರದ ಮುಂದೆ ನಿಲ್ಲುತ್ತಾರೆ. ಈಗಿನ ಚಿತ್ರಗಾರರ ಪ್ರದರ್ಶನ ನಡೆಯುವ ಗ್ಯಾಲರಿಗಳಿಗೆ ಹೋದರೆ ಬಾಗಿಲಲ್ಲಿ ಕಲಾವಿದನೇ ಕಾಯುತ್ತಾ ಕೂತಿರುತ್ತಾನೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೈಸೂರು ಶೈಲಿಯ ಚಿತ್ರ, ಅಂದರೆ ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಕೂರಿಸಿದ ಆ ನವಿರಾದ ದೇವರ ಪಟ, ಕೊಳ್ಳುವವರಿಗೆ ಅದಕ್ಕೂ ತಂಜಾವೂರಿಗೂ ಇರುವ ವ್ಯತ್ಯಾಸ ಹೇಳುವುದರಲ್ಲೇ ಮಾರುವವನ ಅರ್ಧ ದಿನ ಹೋಗುತ್ತದೆ.

ಕೊನೆಗೆ ನಮ್ಮ ಮನೆಯದೇ ಒಂದು ವಿಷಯ. ಚಿಕ್ಕಮ್ಮನ ಹತ್ತಿರ ಅವರ ಅಮ್ಮನ ಕಾಲದ ವೀಣೆ ಇದೆ. ವೀಣೆಗೆ 24 ಮೆಟ್ಟಿಲು. ಮೇಣಕ್ಕೆ ಕಪ್ಪು ಪುಡಿ ಬೆರೆಸಿ ದಂಡಿಯ ಮೇಲೆ ದಿಂಡು ಕಟ್ಟಿ, ಅದರ ಮೇಲೆ ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಕಿವಿಯಲ್ಲೇ ಅಳೆದು ಕೂರಿಸಬೇಕು. ಮೇಳ ಕಟ್ಟುವುದು ಎನ್ನುತ್ತಾರೆ. 2024ರ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ಮೂರು ಮೆಟ್ಟಿಲು ಜರುಗಿದವು. ಗಾಂಧಾರ ಅಪಸ್ವರ. ಮೇಳ ಕಟ್ಟುವವರು ಊರಲ್ಲಿ ಬೆರಳೆಣಿಕೆ. ಅವರಲ್ಲಿ ನಮಗೆ ಗೊತ್ತಿದ್ದವರಿಗೆ ಫೋನ್ ಮಾಡಿದೆವು. ಮೇನಲ್ಲಿ ಬರುತ್ತೇನೆ ಎಂದರು, ಬರಲಿಲ್ಲ. ಆಗಸ್ಟ್‌ನಲ್ಲಿ ಮತ್ತೆ ಕೇಳಿದರೆ, "ದಸರಾ ಮುಗೀಲಿ ಅಮ್ಮಾ, ಮಗ ಎಕ್ಸಿಬಿಷನ್‌ನಲ್ಲಿ ಅಂಗಡಿ ಹಾಕ್ತಾನೆ, ಅಲ್ಲಿ ಕೂರಬೇಕು" ಎಂದರು. ಊರಿನ ಮೇಳ ಕಟ್ಟುವವರು ಎರಡು ತಿಂಗಳು ಮಕ್ಕಳ ಆಟದ ಸಾಮಾನು ಮಾರಿದರು.

ಅವರು ಬಂದದ್ದು ಡಿಸೆಂಬರ್ 16ರ ಸೋಮವಾರ. ಆ ಬೆಳಗ್ಗೆ ಎಲ್ಲರ ಮೊಬೈಲಿನಲ್ಲೂ ಜಾಕಿರ್ ಹುಸೇನ್ ಹೋದ ಸುದ್ದಿ. ನನ್ನ ಫೋನಿನಲ್ಲಿ ನಲವತ್ತು ಸ್ಟೇಟಸ್, ಒಂದೇ ಫೋಟೊ, ಹಾರುವ ಗುಂಗುರು ಕೂದಲು. ಅದರಲ್ಲಿ ಎಷ್ಟೋ ಜನ ಜುಲೈನ ತನಿ ಆವರ್ತನಕ್ಕೆ ಕೊಡೆ ಹುಡುಕುವವರು. ಮೇಳ ಕಟ್ಟುವವರು ಫೋನ್ ನೋಡಲಿಲ್ಲ. ಹಳೆಯ ಮೇಣ ಕೆರೆದು, ಹೊಸದು ಕಾಯಿಸಿ, ನೆಲದ ಮೇಲೆ ಪೇಪರ್ ಹಾಸಿ ಕೂತರು. ಒಂದು ಮೆಟ್ಟಿಲು ಇಡುವುದು, ಮೀಟುವುದು, ತಲೆ ವಾಲಿಸಿ ಕೇಳುವುದು, ಉಗುರಿನ ತುದಿಯಷ್ಟು ಸರಿಸುವುದು. ಮೂರನೇ ದಿನ ಸಂಜೆ ಕೆಲಸ ಮುಗಿಯಿತು. ಚಿಕ್ಕಮ್ಮ ಕೂತು ಮಾಯಾಮಾಳವಗೌಳ ನುಡಿಸಿದರು. ಮೇಳ ಕಟ್ಟಿದವರು ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟರು.

"ತಡೀರಿ ಅಮ್ಮಾ, ಮೇಲಿನ ನಿಷಾದ ಒಂಚೂರು ಇಳಿದಿದೆ" ಎಂದು ಮತ್ತೆ ಪೇಪರ್ ಹಾಸಿದರು.